ಖಾಲಿ ಬಿಟ್ಟ ತಾರೀಖು

ನ್ಯಾಯಾಲಯದ ಹಿಂದಿನ ಗೇಟಿನ ಪಕ್ಕ, ತಗಡಿನ ಮಾಡಿನ ಕೆಳಗೆ ಟೈಪಿಸ್ಟರ ಒಂಬತ್ತು ಮೇಜುಗಳಿವೆ. ಮೂರನೆಯದು ತಿದ್ದುಪಡಿ ಅಕ್ಕನದು. ಇಪ್ಪತ್ತೆರಡು ವರ್ಷಗಳಿಂದ ಅವಳು ಅಲ್ಲೇ ಕೂತು ವಕೀಲರ ಕೋಳಿಕಾಲಿನ ಅಕ್ಷರಗಳನ್ನು ಓದಬಲ್ಲ ಪುಟಗಳಾಗಿ ಮಾಡಿಕೊಡುತ್ತಿದ್ದಾಳೆ. ಮೊದಲ ಎಂಟು ವರ್ಷ ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಬೆರಳಿನ ಬಲ ಮಾತ್ರ ಹಳೆಯ ಯಂತ್ರದ್ದೇ. ಅವಳು ಟೈಪು ಮಾಡುವಾಗ ಮೇಜಿನ ಮೇಲಿನ ನೀರಿನ ಬಾಟಲಿ ನಡುಗುತ್ತದೆ.

ಆ ಹೆಸರು ಬಂದದ್ದು ಒಂದೇ ಒಂದು ಕರಡಿನಿಂದ. ಹಿರಿಯ ವಕೀಲರೊಬ್ಬರು ಬರೆದುಕೊಟ್ಟಿದ್ದ ಆಸ್ತಿ ದಾವೆ. ಅರ್ಧ ಟೈಪು ಮಾಡಿ ಅವಳು ಎದ್ದು ಹೋಗಿ ಕೇಳಿದ್ದಳು: "ಸಾರ್, ಮೂರನೇ ಪ್ಯಾರಾದಲ್ಲಿ ತೀರಿಕೊಂಡವರು ಏಳನೇ ಪ್ಯಾರಾದಲ್ಲಿ ಸಹಿ ಹಾಕಿದಾರೆ. ಯಾವುದನ್ನ ಇಟ್ಕೊಳ್ಳಲಿ?"

ವಕೀಲರು ಕನ್ನಡಕದ ಮೇಲಿಂದ ನೋಡಿದ್ದರು. "ಏಳನೇದನ್ನ ತೆಗೀರಿ. ಸತ್ತವರನ್ನ ಎಬ್ಬಿಸೋದು ಬೇಡ."

ಅಂದಿನಿಂದ ಕಿರಿಯ ವಕೀಲರು ಕರಡನ್ನು ಮೊದಲು ಅವಳ ಮುಂದೆ ಇಡುತ್ತಾರೆ, ಆಮೇಲೆ ತಮ್ಮ ಹಿರಿಯರ ಮುಂದೆ. ಪಕ್ಕದ ಮೇಜಿನವನಿಗೆ, ಕೈ ಬಲು ಚುರುಕಾದ್ದರಿಂದ ಬುಲೆಟ್ ಎಂದು ಹೆಸರಾದವನಿಗೆ, ಇದು ತಮಾಷೆ. "ಅಕ್ಕ ಮೊಸರಲ್ಲಿ ಕಲ್ಲು ಹುಡುಕಲ್ಲ," ಎನ್ನುತ್ತಾನೆ. "ಕಲ್ಲಲ್ಲಿ ಮೊಸರಿದ್ರೂ ಹುಡುಕಿ ಕೊಡ್ತಾಳೆ."

ವಕೀಲೆಯಾಗಬೇಕು ಎಂದು ಅವಳು ನಿರ್ಧರಿಸಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ. ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಬಾಡಿಗೆ ಅಂಗಡಿಯ ವ್ಯಾಜ್ಯ ಅಂದು ವಿಚಾರಣೆಗೆ ಬಂದಿತ್ತು. ಕಾಗದವನ್ನೆಲ್ಲ ಟೈಪು ಮಾಡಿದವಳು ಅಕ್ಕನೇ. ಒಬ್ಬಳೇ ಒಳಗೆ ಹೋಗಲು ಹೆಂಗಸು ಹೆದರಿದ್ದರಿಂದ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಅವಳ ವಕೀಲರು ಇನ್ನೊಂದು ಕೋಣೆಯ ವಿಚಾರಣೆಯಲ್ಲಿ ಸಿಕ್ಕಿಬಿದ್ದಿದ್ದರು. ಅಂಗಡಿಯ ಬೀಗ ಯಾವ ದಿನ ಬದಲಾಯಿತು ಎಂದು ನ್ಯಾಯಾಧೀಶರು ಕೇಳಿದರು. ಹೆಂಗಸು ತಬ್ಬಿಬ್ಬಾದಳು. ಉತ್ತರ ನಾಲ್ಕನೆಯ ಪುಟದಲ್ಲಿ, ಹನ್ನೆರಡನೆಯ ಪ್ಯಾರಾದಲ್ಲಿತ್ತು. ಅಕ್ಕನಿಗೆ ಸಾಲು ಸಮೇತ ಗೊತ್ತಿತ್ತು. ಎದ್ದು ನಿಂತು ಹೇಳುವ ಹಕ್ಕು ಇರಲಿಲ್ಲ. ವಿಚಾರಣೆ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು.

ಅಂದು ಸಂಜೆ ಅವಳು ಮನೆಯಲ್ಲಿ ಹೇಳಿದ್ದು ಒಂದೇ ಮಾತು: "ರೀ, ನಾನು ಲಾ ಓದ್ತೀನಿ."

ಗಂಡ ಲಿಫ್ಟ್ ಮೆಕ್ಯಾನಿಕ್, ಮಿತಭಾಷಿ. ಕೈಗೆ ಅಂಟಿದ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಾ, "ಓದು. ಈಗೇನು ಕಮ್ಮಿ ವಾದ ಮಾಡ್ತೀಯಾ," ಎಂದ.

ಅಂಚೆಯ ಮೂಲಕ ಓದುತ್ತಿದ್ದ ಪದವಿಯನ್ನು ಎರಡು ವರ್ಷದಲ್ಲಿ ಮುಗಿಸಿದಳು. ಸಂಜೆ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತೊಂದು ತೆಗೆದಳು. ಇರುವುದು ಎಂಬತ್ತು ಸೀಟು. ಹಿಂದಿನ ವರ್ಷ ಕೊನೆಯ ಸೀಟು ಅರವತ್ತನಾಲ್ಕು ಅಂಕಕ್ಕೆ ಸಿಕ್ಕಿತ್ತು. ಲೆಕ್ಕ ಸರಳವಾಗಿತ್ತು. ಅರ್ಜಿಯನ್ನು ತಾನೇ ಟೈಪು ಮಾಡಿ, ಕೈಯಾರೆ ಕೊಟ್ಟು, ಸೀಲು ಬಿದ್ದ ರಸೀದಿ ತಂದಳು. ಆಯ್ಕೆಯಾದವರಿಗೆ ಇಪ್ಪತ್ತು ದಿನದೊಳಗೆ ಫೋನಿಗೆ ಸಂದೇಶ ಬರುತ್ತದೆ ಎಂದಿದ್ದರು.

ಮೊದಲ ವಾರ ಅವಳು ಫೋನನ್ನು ಚೀಲದಲ್ಲಿ ಇಟ್ಟಳು, ಎರಡನೆಯ ವಾರ ಮೇಜಿನ ಮೇಲೆ, ಮೂರನೆಯ ವಾರ ತೊಡೆಯ ಮೇಲೆ. ಸಿಗುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸಿಕ್ಕಿದೆ ಎಂದು ಇನ್ನೂ ಯಾರೂ ಯಾಕೆ ಹೇಳುತ್ತಿಲ್ಲ ಎಂಬುದೇ ಅವಳ ಸಂಕಟ. ಯಾವ ಸಂದೇಶ ಬಂದರೂ ಕೈ ನಿಲ್ಲುತ್ತಿತ್ತು. ಒಂದು ದಿನ ನಿಂತ ಕೈ ಮತ್ತೆ ಶುರುವಾದಾಗ ಒಂದು ಪ್ಯಾರಾ ಹಾರಿಹೋಗಿತ್ತು, ಬುಲೆಟ್ ಅದನ್ನು ಕಂಡುಹಿಡಿದ. ಇಪ್ಪತ್ತೆರಡು ವರ್ಷದಲ್ಲಿ ಅಂಥದ್ದು ಮೊದಲ ಸಲ. ಅವನು ಅದನ್ನು ಒಂಬತ್ತೂ ಮೇಜಿಗೆ ಸಾರಿಕೊಂಡು ಬಂದ.

"ಗುಂಡಿ ಹತ್ತು ಸಲ ಒತ್ತಿದ್ರೆ ಲಿಫ್ಟ್ ಬೇಗ ಬರಲ್ಲ," ಎಂದ ಗಂಡ.

"ಬೇಯೋ ತನಕ ಕಾದವಳಿಗೆ ಆರೋ ತನಕ ಕಾಯೋಕಾಗಲ್ವೇನೇ?" ಎಂದರು ಅತ್ತೆ. ಹಾಗೆಂದವರೇ ದಿನಕ್ಕೆ ನಾಲ್ಕು ಸಲ ಫೋನು ಮಾಡಿ "ಬಂತಾ?" ಎಂದು ಕೇಳುತ್ತಿದ್ದರು. ಆ ಗಂಟೆ ಕೇಳಿದಾಗಲೆಲ್ಲ ಅಕ್ಕ ಟೈಪು ಮಾಡುವುದನ್ನು ಬಿಟ್ಟು ಫೋನಿಗೆ ಕೈಹಾಕುತ್ತಿದ್ದಳು.

ಹದಿನೇಳನೆಯ ದಿನ, ಬುಧವಾರ, ಸಮನ್ಸ್ ಅಣ್ಣ ತಗಡಿನ ಮಾಡಿನ ಕೆಳಗೆ ಬಂದ. ನ್ಯಾಯಾಲಯದ ಸಮನ್ಸುಗಳನ್ನು ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ. ಅವನೂ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದ. ಫೋನನ್ನು ಅವಳ ಮುಖಕ್ಕೆ ಹಿಡಿದು, "ಅಕ್ಕಾ, ಬಂತು! ನಿಮಗೂ ಬಂದಿರಬೇಕಲ್ಲ, ನೆನ್ನೆ ಸಂಜೆ ಎಲ್ರಿಗೂ ಒಟ್ಟಿಗೆ ಕಳಿಸಿದಾರೆ," ಎಂದ.

ಅವನ ಅಂಕ ಅರವತ್ತಾರು.

ಅಕ್ಕ ಅಭಿನಂದಿಸಿದಳು, ಟೀ ತರಿಸಿದಳು, ಕೈಯಲ್ಲಿದ್ದ ಪುಟ ಮುಗಿಸಿದಳು. ಟೀ ಮಾತ್ರ ಕುಡಿಯಲಿಲ್ಲ. ಬುಲೆಟ್ ಆ ದಿನ ಒಂದೂ ಜೋಕು ಹೇಳಲಿಲ್ಲ. ತನ್ನ ಬಳಿ ಅಳುತ್ತಾ ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ: "ಮನೇಲಿ ಕೂತು ಊಹಿಸಬೇಡಿ, ಕಚೇರಿಗೆ ಹೋಗಿ ಕೇಳಿ." ಗುರುವಾರ ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಹೋದಳು.

ಪ್ರವೇಶದ ಕಚೇರಿ ನೆಲಮಹಡಿಯ ಕೊನೆಯ ಕೋಣೆ. ಕೌಂಟರಿನ ಹಿಂದೆ ಕೊರಳಿಗೆ ದಾರ ಕಟ್ಟಿ ಕನ್ನಡಕ ನೇತುಹಾಕಿಕೊಂಡಿದ್ದ ಗುಮಾಸ್ತರು ರಸೀದಿಯ ನಂಬರು ನೋಡಿದರು. ಕಪಾಟು ತೆಗೆಯಲಿಲ್ಲ, ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಕೈಹಾಕಿದರು.

"ನಿಮ್ದು ನ್ಯೂನತೆ ಪೆಟ್ಟಿಗೇಲಿದೆ ಮೇಡಂ. ಕೊನೇ ಪುಟ ನೋಡಿ. ಘೋಷಣೆ ಕೆಳಗೆ ಸಹಿ ಇದೆ, ತಾರೀಖೇ ಇಲ್ಲ."

ಅವಳು ನೋಡಿದಳು. 'ದಿನಾಂಕ' ಎಂಬ ಪದ ಇತ್ತು, ಅದರ ಮುಂದೆ ಅಚ್ಚುಕಟ್ಟಾಗಿ ಎಂಟು ಚುಕ್ಕಿಗಳಿದ್ದವು. ಚುಕ್ಕಿಗಳ ಮೇಲೆ ಏನೂ ಇರಲಿಲ್ಲ.

ಹೇಗಾಯಿತು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಪ್ರಮಾಣಪತ್ರ, ಅಂದರೆ ಅಫಿಡವಿಟ್, ಟೈಪು ಮಾಡುವವರು ತಾರೀಖು ಹಾಕುವುದಿಲ್ಲ. ಕಕ್ಷಿದಾರ ಯಾವತ್ತು ಬಂದು ಪ್ರಮಾಣ ಮಾಡುತ್ತಾನೋ ಆವತ್ತಿನ ತಾರೀಖನ್ನು ಅಧಿಕಾರಿಯ ಎದುರು ಕೈಯಲ್ಲೇ ತುಂಬಬೇಕು. ಟೈಪಿಸ್ಟರಿಗೆ ಕಲಿಸುವ ಮೊದಲ ಪಾಠವೇ ಅದು. ಸಾವಿರಾರು ಪುಟಗಳಲ್ಲಿ ಬೇರೆಯವರಿಗಾಗಿ ಆ ಜಾಗ ಬಿಟ್ಟ ಬೆರಳು ತನ್ನ ಅರ್ಜಿಯಲ್ಲೂ ಬಿಟ್ಟಿತ್ತು. ತುಂಬಬೇಕಾದ ಕಕ್ಷಿದಾರಳು ತಾನೇ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಬೇರೆ ಕಸುಬಿನವರಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

"ಹದಿನಾಲ್ಕನೇ ನಿಯಮ ನೋಡಿ ಸಾರ್," ಎಂದಳು. ನಿಯಮಗಳ ಪುಸ್ತಿಕೆಯನ್ನು ಅವಳು ತೆರೆಯಲೇ ಇಲ್ಲ. "ನ್ಯೂನತೆ ಇದ್ರೆ ಅಭ್ಯರ್ಥಿಗೆ ತಿಳಿಸಿ ಏಳು ದಿನ ಕೊಡಬೇಕು. ನನಗೆ ತಿಳಿಸಿಲ್ಲ."

"ನೋಟಿಸ್ ಬೋರ್ಡಿಗೆ ಅಂಟಿಸಿದ್ವಲ್ಲ."

"ಅಭ್ಯರ್ಥಿಗೆ ತಿಳಿಸಿ ಅಂತಿದೆ ಸಾರ್. ಗೋಡೆಗೆ ತಿಳಿಸಿ ಅಂತಿಲ್ಲ."

ಗುಮಾಸ್ತರು ಕನ್ನಡಕ ಏರಿಸಿಕೊಂಡು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಮನುಷ್ಯ ಕೆಟ್ಟವರಲ್ಲ. ಆಚೀಚೆ ನೋಡಿ, ಜೇಬಿನಿಂದ ನೀಲಿ ಪೆನ್ನು ತೆಗೆದು ಕಾಗದದ ಪಕ್ಕ ಇಟ್ಟರು. ದನಿ ತಗ್ಗಿಸಿದರು. "ಇದಕ್ಕೆಲ್ಲ ನಿಯಮ ಯಾಕಮ್ಮಾ? ಕೊಟ್ಟ ದಿನದ ತಾರೀಖು ಬರೆದುಬಿಡಿ. ನಾಳೆ ಹನ್ನೊಂದಕ್ಕೆ ಎರಡನೇ ಪಟ್ಟಿ ಹೋಗುತ್ತೆ, ಅದರಲ್ಲಿ ಸೇರಿಸ್ತೀನಿ. ಎಪ್ಪತ್ತೊಂದು ಬಂದಿದೆ ನಿಮಗೆ, ಯಾರು ಕೇಳ್ತಾರೆ?"

ಅಕ್ಕ ಪೆನ್ನು ಎತ್ತಿಕೊಂಡಳು. ತುದಿ ಚುಕ್ಕಿಗಳ ಮೇಲೆಯೇ ಇತ್ತು. ಬರೆಯುವುದು ಸುಳ್ಳೂ ಆಗಿರಲಿಲ್ಲ, ಆ ದಿನವೇ ಸಹಿ ಹಾಕಿದ್ದು ನಿಜ. ಆದರೆ ಪುಟದ ಮೂಲೆಯಲ್ಲಿ ಕಾಲೇಜಿನ ದುಂಡು ಸೀಲು ಬಿದ್ದಿತ್ತು. ಸೀಲು ಬಿದ್ದ ಮೇಲೆ ಕಾಗದ ನಮ್ಮದಲ್ಲ. ಈ ಮಾತನ್ನು ಅವಳು ಎಷ್ಟು ಕಿರಿಯ ವಕೀಲರಿಗೆ ಹೇಳಿದ್ದಳೋ. ಹನ್ನೊಂದು ವರ್ಷದ ಹಿಂದೆ ಒಬ್ಬ ಕಕ್ಷಿದಾರ ಸಲ್ಲಿಸಿಯಾದ ಅರ್ಜಿಯಲ್ಲಿ ತಾನು ಕೊಡದೆ ಬಿಟ್ಟಿದ್ದ ಒಂದು ಅಂಕಿ ಸೇರಿಸಿದ್ದ. ಅಂಕಿ ಸರಿಯಾಗಿಯೇ ಇತ್ತು, ಶಾಯಿ ಮಾತ್ರ ಬೇರೆ. ಎದುರು ಪಕ್ಷದವರು ಅದೊಂದನ್ನೇ ಎತ್ತಿ ಹಿಡಿದು ಅವನ ಇಡೀ ಮಾತನ್ನು ಅನುಮಾನಕ್ಕೆ ತಳ್ಳಿದರು, ಅವನು ಸೋತ. ಆ ಅರ್ಜಿಯನ್ನು ಟೈಪು ಮಾಡಿದ್ದವಳು ಅವಳೇ.

ಪೆನ್ನು ಕೆಳಗಿಟ್ಟಳು. "ಒಂದು ಬಿಳಿ ಹಾಳೆ ಕೊಡ್ತೀರಾ ಸಾರ್?"

"ಯಾಕೆ?"

"ತಾರೀಖು ಬಿಟ್ಟುಹೋಗಿದೆ ಅಂತ ಒಪ್ಕೊಂಡು ಬರೆದುಕೊಡ್ತೀನಿ. ಘೋಷಣೆಗೆ ಇವತ್ತಿನ ತಾರೀಖಲ್ಲಿ ಇನ್ನೊಮ್ಮೆ ಸಹಿ ಮಾಡ್ತೀನಿ. ಅರ್ಜಿ ಸಕಾಲಕ್ಕೆ ಬಂದಿದೆ ಅನ್ನೋದಕ್ಕೆ ನಿಮ್ಮ ರಸೀದಿನೇ ಸಾಕ್ಷಿ."

"ಅಮ್ಮಾ ತಾಯಿ, ಹಾಗೆ ಮಾಡಿದ್ರೆ ಅದು ಪ್ರಾಂಶುಪಾಲರ ಮೇಜಿಗೆ ಹೋಗಬೇಕು. ಅವರು ಊರಲ್ಲಿಲ್ಲ, ಬರೋದು ಸೋಮವಾರ. ಅಷ್ಟರಲ್ಲಿ ಸೀಟು ಉಳಿಯುತ್ತೋ ಇಲ್ವೋ ನಾನು ಹೇಳೋಕಾಗಲ್ಲ."

"ಹಾಳೆ ಕೊಡಿ ಸಾರ್."

ಕಾರಿಡಾರಿನ ಬೆಂಚಿನ ಮೇಲೆ ಕೂತು ಕೈಯಲ್ಲೇ ಬರೆದಳು. ಹತ್ತು ಸಾಲು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಕೈಬರಹ ಅಭ್ಯಾಸ ತಪ್ಪಿತ್ತು, ಅಕ್ಷರ ವಕೀಲರದಕ್ಕಿಂತ ಕೆಟ್ಟದಾಗಿತ್ತು. ನ್ಯೂನತೆ ಏನು, ಹೇಗಾಯಿತು, ಯಾವ ನಿಯಮದ ಕೆಳಗೆ ಸರಿಪಡಿಸಬಹುದು, ತಾನು ಕೇಳುವುದೇನು. ಕ್ಷಮೆಯನ್ನು ಒಂದೇ ಸಲ ಕೇಳಿದ್ದಳು. ಕೊನೆಯಲ್ಲಿ ಸಹಿ, ಅದರ ಕೆಳಗೆ ತಾರೀಖು. ಗುಮಾಸ್ತರು ಸೀಲು ಹೊಡೆದು, "ನಿಮ್ಮಂಥೋರು ಇನ್ನಿಬ್ರು ಬಂದ್ರೆ ನಾನು ಕೆಲಸ ಬಿಡ್ತೀನಿ," ಎಂದರು.

ಮನೆಯಲ್ಲಿ ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ, ನಾಲ್ಕು ಅಂಕಿ ಗೀಚಿ ಬರೋದಲ್ವೇನೇ! ಆ ಮನುಷ್ಯನೇ ಪೆನ್ನು ಕೊಟ್ಟನಂತೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ್ರೆ ಇದೇ."

"ಇದು ನಾಲ್ಕು ಕಾಲಿನ ಮೊಲನೇ ಅತ್ತೆ. ಎಣಿಸಿಯೇ ಹಿಡಿದಿದೀನಿ."

"ನಾನಾಗಿದ್ರೆ ಬರೀತಿದ್ದೆ," ಎಂದ ಗಂಡ. ಆಮೇಲೆ, "ನೀನು ಬರೆಯೋಳಲ್ಲ ಅಂತಲೂ ಗೊತ್ತು," ಎಂದ.

ಶುಕ್ರವಾರ ಹನ್ನೊಂದಕ್ಕೆ ಎರಡನೆಯ ಪಟ್ಟಿ ಬಂತು. ಅದರಲ್ಲಿ ಅವಳಿರಲಿಲ್ಲ. ಸಮನ್ಸ್ ಅಣ್ಣ ತಂದ ಸುದ್ದಿಯ ಪ್ರಕಾರ ಎಪ್ಪತ್ತೇಳು ಸೀಟು ತುಂಬಿದ್ದವು, ಉಳಿದದ್ದು ಮೂರು. ಶನಿವಾರ ಅವಳು ಹದಿನಾಲ್ಕು ಪ್ರಮಾಣಪತ್ರ ಟೈಪು ಮಾಡಿದಳು, ಒಂದರಲ್ಲೂ ತಪ್ಪಿರಲಿಲ್ಲ. ಭಾನುವಾರ ಮನೆಯ ಕಿಟಕಿಗಳನ್ನೆಲ್ಲ ತೊಳೆದಳು, ತೊಳೆದವನ್ನೇ ಸಂಜೆ ಇನ್ನೊಮ್ಮೆ ಒರೆಸಿದಳು. ಹಾಗೆ ಮಾಡಬಾರದಿತ್ತೇನೋ ಎಂದು ಅವಳಿಗೆ ಒಮ್ಮೆಯೂ ಅನಿಸಲಿಲ್ಲವೆಂದಲ್ಲ. ಅನಿಸಿದಾಗಲೆಲ್ಲ ಆ ಹತ್ತು ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ತೆಗೆಯಬೇಕಾದ ಒಂದು ಪದವೂ ಸಿಗುತ್ತಿರಲಿಲ್ಲ. ಸೋಮವಾರ ಫೋನು ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರು ಹತ್ತಕ್ಕೆ ಬಂತು. ಗುಮಾಸ್ತರದೇ ದನಿ.

"ಮೇಡಂ, ಪ್ರಾಂಶುಪಾಲರು ನಿಮ್ಮ ಕಾಗದ ಎರಡು ಸಲ ಓದಿದ್ರು. ಇದನ್ನ ಯಾವ ವಕೀಲರ ಹತ್ರ ಬರೆಸಿದಾರೆ ಅಂತ ಕೇಳಿದ್ರು. ಅಭ್ಯರ್ಥಿನೇ ಸಾರ್, ಬೆಂಚಿನ ಮೇಲೆ ಕೂತು ಬರೆದ್ರು ಅಂದೆ. ಹಾಗಾದ್ರೆ ಬೇಗ ಒಳಗೆ ಸೇರಿಸ್ಕೊಳ್ಳಿ, ಹೊರಗಿದ್ರೆ ನಮ್ಮ ಮೇಲೇನೇ ದಾವೆ ಹಾಕ್ತಾರೆ ಅಂದ್ರು. ಎಪ್ಪತ್ತೆಂಟನೇ ಸೀಟು ನಿಮ್ದು."

ಬುಲೆಟ್ ಟೈಪು ಮಾಡುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದ. ಮುಖದಲ್ಲಿ ಅವನಿಗೆ ಏನೂ ಕಾಣಲಿಲ್ಲ. ಎಡಗೈ ಮಾತ್ರ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಬರವಣಿಗೆಯಲ್ಲಿ ಕೊಡ್ತೀರಾ ಸಾರ್?" ಎಂದು ಕೇಳಿದಳು.

ಆ ತುದಿಯಲ್ಲಿ ದೀರ್ಘವಾದ ಉಸಿರು. "ಐದು ಗಂಟೆ ತನಕ ಇರ್ತೀನಿ. ಬನ್ನಿ."

ಅರ್ಧವಾಗಿದ್ದ ಪುಟವನ್ನು ಬುಲೆಟ್‌ಗೆ ಒಪ್ಪಿಸಿ ಅವಳು ಬಸ್ಸು ಹಿಡಿದಳು. ಗಂಡನಿಗೆ ಫೋನು ಮಾಡಿದ್ದು ನಾಲ್ಕೂ ಇಪ್ಪತ್ತಕ್ಕೆ, ಪ್ರವೇಶಪತ್ರ ಕೈಗೆ ಬಂದ ಮೇಲೆ, ಕಾಲೇಜಿನ ಮೆಟ್ಟಿಲ ಮೇಲೆ ನಿಂತು. ಅವನು ಯಾವುದೋ ಕಟ್ಟಡದ ಆರನೆಯ ಮಹಡಿಯಲ್ಲಿದ್ದ, ಹಿಂದೆ ಮೋಟಾರಿನ ಸದ್ದಿತ್ತು.

"ಪೂರ್ತಿ ಓದ್ಕೊಂಡ್ಯಾ?"

"ಎರಡು ಸಲ."

"ಸರಿ. ಅಮ್ಮನಿಗೆ ನಾನು ಹೇಳ್ಲಾ?"

"ಬೇಡ ರೀ," ಎಂದಳು ಅವಳು, ಮೆಟ್ಟಿಲು ಇಳಿಯುತ್ತಾ. "ನಾನೇ ಹೇಳ್ತೀನಿ. ನನ್ನ ಮೊದಲನೇ ಕೇಸು ಅದು."