ಹೆಲ್ವಿಗೆ ಅಣ್ಣ ಬರೆದ ಕೊನೆಯ ಸಾಲು

ಹಳೇ ಕಂಪ್ಯೂಟರ್ ಹೊತ್ತು ತಂದವರಿಗೆ ಹೊಸದನ್ನು ಮಾರದ ಅಂಗಡಿಯವನು ಕೆಮಿ ಪೇಟೆಯಲ್ಲಿ ಒಬ್ಬನೇ, ಟೌನೊ. ಮೋಡೆಮ್ ಕೇಳಿಕೊಂಡು ಬಂದವರನ್ನು ಅವನು ಮೊದಲು ಕೇಳುವುದು ಇಷ್ಟೇ: ಫೋನ್ ತಂತಿಯಲ್ಲಿ ಬಂದ ಕಾಗದಗಳನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತೀರಾ? ಹೌದೆಂದರೆ, ದುಬಾರಿ ಮೋಡೆಮನ್ನು ಆಮೇಲೆ ನೋಡೋಣ, ಮೊದಲು ಒಳಗಿನ ಬೆರಳುದ್ದದ ಚಿಪ್ ಬದಲಿಸಿಕೊಳ್ಳಿ ಎನ್ನುತ್ತಾನೆ. ಜಿಪುಣರಿಗೆ ಅವನೆಂದರೆ ಪಂಚಪ್ರಾಣ. ಈ ಬುದ್ಧಿ ಅವನಿಗೆ ಬಂದದ್ದು ಹೆಲ್ವಿಯ ಮನೆಯಲ್ಲಿ ಎಂಬುದು ಅವರಿಗೇನು ಗೊತ್ತು.

ಹೆಲ್ವಿ ಅವನ ಜೊತೆ ಶಾಲೆಗೆ ಹೋದವಳು. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಾಳೆ. ತುಟಿ ಮುಚ್ಚುವ ಟೌನೊನ ಪೊದೆಮೀಸೆ ಕಂಡರೆ ಅವಳಿಗಾಗದು. ಓಲು ಊರಿನಲ್ಲಿದ್ದ ಅವಳ ಅಣ್ಣ ರೆಯ್ನೊ ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಕಾಗದ ಬರೆದು, ಫೋನ್ ತಂತಿಯ ಮೇಲೆ ಒಂದೇ ಉಸಿರಿಗೆ ಕಳಿಸಿ, ತನ್ನ ಪ್ರತಿಯನ್ನು ಅಳಿಸಿಬಿಡುತ್ತಿದ್ದ.

ಒಂದು ವರ್ಷ ಟೌನೊ ಅವಳಿಗೆ ವೇಗದ ಮೋಡೆಮ್ ಮಾರಿದ. ಚಿಪ್ ಮಾತ್ರ ಹಳೆಯದೇ ಉಳಿಯಿತು. ಬದಲಿಸಲು ನೂರು ಮಾರ್ಕು ದುಡ್ಡೂ ಆಗುತ್ತಿರಲಿಲ್ಲ, ಬೇಕಿಲ್ಲವೆಂದು ಅವನೇ ಬಿಟ್ಟ. ತಂತಿಯಿಂದ ಬಂದದ್ದರಲ್ಲಿ ಆ ಚಿಪ್ ಹಿಡಿದಿಟ್ಟುಕೊಳ್ಳುವುದು ಒಂದು ಸಲಕ್ಕೆ ಒಂದೇ ಅಕ್ಷರ. ಕಂಪ್ಯೂಟರು ಡಿಸ್ಕಿಗೆ ಬರೆಯುವ ಗಳಿಗೆಯಲ್ಲಿ ಬಂದ ಅಕ್ಷರಗಳಿಗೆ ದಿಕ್ಕಿಲ್ಲ. ಅಣ್ಣನ ಒಂದು ಮಾತೂ ಕಳೆಯಬಾರದೆಂದು ಹೆಲ್ವಿ ಎಲ್ಲವನ್ನೂ ಡಿಸ್ಕಿನಲ್ಲಿ ಉಳಿಸುತ್ತಿದ್ದಳು. ಉಳಿಸುವಾಗಲೇ ಕಳೆಯುತ್ತಿತ್ತು.

ಜನವರಿಯಲ್ಲಿ ರೆಯ್ನೊನ ಹೃದಯಕ್ಕೆ ಆಪರೇಷನ್ ನಿಗದಿಯಾಯಿತು. ಅವನ ಕೊನೆಯ ಕಾಗದ ಹೀಗೆ ಬಂತು: "ಸೋಮವಾರ ಆಪರೇಷನ್. ಭಾನುವಾರ ನೀನು ಅಷ್ಟಾದರೆ ನನಗೆ ಸಾಕು." 'ನೀನು' ಆದಮೇಲೆ 'ಅಷ್ಟಾದರೆ'ವರೆಗೆ ನಡುವಿನದು ಕಾಣೆ. ಹೆಲ್ವಿ ತಿರುಗಿ ಕೇಳುವಷ್ಟರಲ್ಲಿ ಅವನು ಆಸ್ಪತ್ರೆ ಸೇರಿದ್ದ. ಈ ಹಿಮದಲ್ಲಿ ಬರಬೇಡವೆಂದೇ ಬರೆದಿರಬೇಕೆಂದು ಅವಳು ಹೊರಡಲಿಲ್ಲ. ಸೋಮವಾರ ರೆಯ್ನೊ ಆಪರೇಷನ್ ಮೇಜಿನ ಮೇಲೇ ತೀರಿಕೊಂಡ.

ಮಣ್ಣಾದ ಮೇಲೆ ಅವಳು ಟೌನೊನನ್ನು ಕರೆಸಿದಳು. ಬಿದ್ದುಹೋದದ್ದನ್ನು ಹುಡುಕಿಕೊಡು ಎಂದಳು. ಅದು ಎಲ್ಲೂ ಇಲ್ಲವೆಂದು ಹೇಳುವಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಎಷ್ಟು ಅಕ್ಷರ ಬಿದ್ದಿರ್ಬಹುದು, ಅದನ್ನಾದ್ರೂ ಹೇಳು," ಎಂದಳು ಹೆಲ್ವಿ. "ಬೇಡ ಅನ್ನೋಕೆ ಅವನಿಗೆ ಮೂರು ಸಾಲು ಬೇಕು. ಚಳಿ, ರಸ್ತೆ, ನನ್ನ ಮಂಡಿನೋವು, ಎಲ್ಲಾ ಎತ್ತಾನೆ. ಬಾ ಅನ್ನೋದಾದ್ರೆ ಒಂದೇ ಮಾತು."

ಟೌನೊ ಅಂಗಡಿಯಿಂದ ಇನ್ನೊಂದು ಕಂಪ್ಯೂಟರ್ ತಂದು, ಅವಳ ಅದೇ ಕಂಪ್ಯೂಟರಿಗೆ, ಅದೇ ಡಿಸ್ಕಿಗೆ, ತನಗೆ ಗೊತ್ತಿದ್ದ ಬರಹವನ್ನು ಇಪ್ಪತ್ತು ಸಲ ಕಳಿಸಿ ನೋಡಿದ. ಸಾಲುಗಳು ಹರಕು ಹರಕಾಗಿ ಪರದೆ ಏರುವಾಗ, ಕಳಿಸುತ್ತಿರುವುದು ತಾನಲ್ಲ, ರೆಯ್ನೊ ಎನ್ನಿಸಿತು. ಪ್ರತಿ ಸಲವೂ ಒಂದೊಂದು ಹರಕಿನಲ್ಲಿ ಕಾಣೆಯಾದದ್ದು ಹನ್ನೊಂದು ಅಕ್ಷರ. ಒಮ್ಮೆಯೂ ಹೆಚ್ಚಿಲ್ಲ, ಒಂದೇ ಮಾತಿನಷ್ಟು.

ಹೆಲ್ವಿ ಕಾಫಿ, ಏಲಕ್ಕಿ ಬನ್ನು ತಂದಿಟ್ಟು ಅವನ ಬಾಯನ್ನೇ ನೋಡುತ್ತ ಕೂತಳು.

"ಇನ್ನೂರು," ಎಂದ ಟೌನೊ.

"ಆ ಮೀಸೆ ಅಡ್ಡ ಬಂತು. ಇನ್ನೊಂದ್ಸಲ ಹೇಳು."

ಅವನು ಎರಡು ಬೆರಳಿನಿಂದ ಮೀಸೆ ಎತ್ತಿ ಹಿಡಿದ. "ಇನ್ನೂರು ಅಕ್ಷರ, ಹೆಲ್ವಿ."

"ಹಾಗಾದ್ರೆ ಬೇಡ ಅಂತಾನೇ ಬರ್ದಿದಾನೆ. ನನ್ನ ಮಂಡಿನ ಬಿಟ್ಟಿರಲ್ಲ, ಮಹಾರಾಯ," ಎಂದು ಕಣ್ಣೊರೆಸಿಕೊಂಡು, ಬನ್ನು ಮುರಿದು ಬಾಯಿಗಿಟ್ಟಳು. ಸಾವಿನ ಸುದ್ದಿ ಬಂದ ಮೇಲೆ ಅವಳು ರುಚಿ ನೋಡಿ ತಿಂದದ್ದು ಅದೇ ಮೊದಲು.

ಟೌನೊ ಹೊಸ ಚಿಪ್ ಕೂರಿಸಿ, ಹಳೆಯದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಈಗ ಹೆಲ್ವಿ ಎಷ್ಟು ರೇಗಿಸಿದರೂ ಅವನು ಮೀಸೆ ಕತ್ತರಿಸುವುದಿಲ್ಲ. ಒಬ್ಬನೇ ಇದ್ದಾಗ ಅವನ ತುಟಿ ತನ್ನಷ್ಟಕ್ಕೇ ಹನ್ನೊಂದರವರೆಗೆ ಎಣಿಸುತ್ತದೆ. ಅವಳ ಎದುರಿಗೂ, ಮೀಸೆಯ ಮರೆಯಲ್ಲಿ, ಅದು ನಿಲ್ಲುವುದಿಲ್ಲ.