ರಿಂಗಣ್ಣನ ತುಟಿ
ಹಲ್ಲಿನ ಆಸ್ಪತ್ರೆಯ ಸ್ವಾಗತದ ಮೇಜಿನ ಹಿಂದೆ ಕೂತು ಊರಿಗೆಲ್ಲ ಬುದ್ಧಿ ಹೇಳುವ ರಿಂಗಣ್ಣ, ತನ್ನ ಬಾಯಿಯ ಮಾತು ಬಂದರೆ ಮಾತ್ರ ಮಾಸ್ಕನ್ನು ಇನ್ನಷ್ಟು ಮೇಲೆಳೆದುಕೊಳ್ಳುತ್ತಾನೆ. "ಊತ ಇದೆಯಾ? ಈಗ್ಲೇ ಬನ್ನಿ ಅಮ್ಮಾ, ತಡ ಮಾಡಿದ್ರೆ ಕೀವಾಗುತ್ತೆ" ಎಂದು ಫೋನಿನಲ್ಲಿ ಗದರಿದವನೇ ಬಾತ್‌ರೂಮಿಗೆ ಓಡಿ, ಮೇಲ್ದುಟಿಗೆ ಚುಚ್ಚಿಸಿಕೊಂಡ ರಿಂಗಿನ ಸುತ್ತ ಕೆಂಪಗೆ ಊದಿದ್ದನ್ನು ಕನ್ನಡಿಯಲ್ಲಿ ನೋಡಿ, ಉಪ್ಪುನೀರು ಮುಕ್ಕಳಿಸಿ ಬರುತ್ತಾನೆ. ರಿಂಗು ಉಜ್ಜಿ ಉಜ್ಜಿ ಒಸಡು ಸವೆದಿದೆ. ಬಿಸ್ಕತ್ತನ್ನು ಚಹಾದಲ್ಲಿ ಗಂಜಿಯಾಗುವಷ್ಟು ನೆನೆಸಿದರೂ ಮುಂದಿನ ಹಲ್ಲು ಜುಮ್ಮೆನ್ನುತ್ತದೆ. ಇವತ್ತು ಡಾಕ್ಟರಮ್ಮ ಹಿಡಿದೇಬಿಟ್ಟರು: "ಜ್ವರ ಬಂದಿದೆ ಕಣೋ, ಸೋಂಕು ಮುಖಕ್ಕೆಲ್ಲ ಹರಡುತ್ತೆ. ತೆಗಿ ಅದನ್ನ!" ಹುಟ್ಟಿನಿಂದ ಸೀಳಿದ್ದ ತುಟಿಗೆ ಹಾಕಿದ ಹೊಲಿಗೆಯ ಗುರುತಿನ ಮೇಲೆಯೇ ಅವನು ರಿಂಗು ಹಾಕಿಸಿಕೊಂಡಿದ್ದ. ಕಳಚಲು ಕೈಯೆತ್ತಿದವನು ಮೆಲ್ಲಗೆ ಅಂದ: "ಇದನ್ನ ನೋಡಿ ಜನ ಬೈತಾರೆ, ಮೇಡಂ. ಮೊದಲೆಲ್ಲ ಹೊಲಿಗೆ ನೋಡಿ ಅಯ್ಯೋ ಪಾಪ ಅಂತಿದ್ರು."