ಅತ್ತೆಯ ದಬ್ಬಳ

“ನೀವೇ ಹೇಳಿ ದೊಡ್ಡಮ್ಮ, ಇದು ನ್ಯಾಯಾನಾ? ಈ ಮನೆಗೆ ಬಂದಾಗಿನಿಂದ ಅತ್ತೆ ಬಾಯಲ್ಲಿ ನಾನು ಕೇಳಿರೋದು ಎರಡೇ ಮಾತು, ‘ಬಿಚ್ಚು’, ‘ಮತ್ತೆ ಹೊಲಿ’. ಈಗ ನೋಡಿ, ಸಮುದ್ರ ದಾಟಿ ಬಂದಿದ್ದಾಳೆ ಮಹಾರಾಣಿ. ಒಂದು ಸೆಮಿಸ್ಟರ್ ಇಲ್ಲಿ ಓದಿ ಹೋಗ್ತಾಳಂತೆ. ಏನಮ್ಮಾ ಓದು ಅಂದ್ರೆ, ಜನ ಹೇಗೆ ಬದುಕ್ತಾರೆ, ಹೇಗೆ ಯೋಚನೆ ಮಾಡ್ತಾರೆ ಅನ್ನೋದೇ ಪಾಠ ಅಂತೆ. ಕಸುಬಿನವರ ಹತ್ತಿರ ಕೂತು ಅವರ ಮಾತು ಕೇಳ್ಬೇಕಂತೆ. ಅತ್ತೆ ಮಾತು ಕೇಳೋದಕ್ಕೂ ಮಾರ್ಕ್ಸ್ ಕೊಡ್ತಾರೆ ಅಂತ ಗೊತ್ತಿದ್ರೆ ನಾನು ಕಾಲೇಜು ಅರ್ಧಕ್ಕೆ ಬಿಡ್ತಾನೇ ಇರಲಿಲ್ಲ, ಇಷ್ಟು ಹೊತ್ತಿಗೆ ಚಿನ್ನದ ಪದಕಾನೇ ಬರ್ತಿತ್ತು. ಅವಳ ಮುಂದೆ ನಮ್ಮತ್ತೆ ಹೂವಿನ ಹಾಗೆ ಅರಳ್ತಾರೆ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಿದ್ದರಂತೆ. ಮದುವೆ ಬೇಡ ಅಂತ ಅಟ್ಟದ ಮೇಲೆ ಅಡಗಿದ್ದರಂತೆ! ನನಗೆ ಯಾವತ್ತಾದ್ರೂ ಹೇಳಿದ್ರಾ? ಗೋಡೆ ಈಚೆ ಹತ್ತಿ ಬಿಡಿಸ್ತಾ ಕೂತು, ನಮ್ಮನೆ ಕಥೆಯನ್ನ ನಾನು ಕದ್ದು ಕೇಳ್ಬೇಕಾಯ್ತು!”

ಹೀಗಂದವಳು ನಮ್ಮ ಪಕ್ಕದ ಹಾಸಿಗೆ ಅಂಗಡಿಯ ಸೊಸೆ. ನಾಲಿಗೆ ಚೂಪು ಅಂತ ಬೀದಿಯವರೆಲ್ಲ ಅವಳನ್ನು ಸೂಜಿ ಅಂತ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಮುಂದಿನ ಕೋಣೆಯೇ ಅಂಗಡಿ. ಗಂಡ ಹತ್ತಿ ತರುವುದು, ಹಾಸಿಗೆ ಮುಟ್ಟಿಸುವುದು ನೋಡಿಕೊಳ್ಳುತ್ತಾನೆ. ಹೊಲಿಯುವವರು ಅತ್ತೆ ಸೊಸೆ. ಸೂಜಿಯ ಹುಬ್ಬಿನ ಮೇಲೂ ಸದಾ ಒಂದೆರಡು ಎಳೆ ಹತ್ತಿ ಕೂತಿರುತ್ತದೆ.

ಆ ಓದೋ ಹುಡುಗಿ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ನಮ್ಮ ಮಾತನ್ನು ತಡವರಿಸುತ್ತಾ ಆಡುತ್ತಿದ್ದಳು, ಪಾಪ, ಸಾಧು ಮಗು. ಒಂದು ದಿನ ತಾನೂ ಹೊಲಿಯುತ್ತೇನೆ ಅಂತ ಒಂದು ದಿಂಬು ಹಿಡಿದು ಕೂತಳು. ಹೊಲಿಗೆ ದಾರಿ ತಪ್ಪಿದ ಇರುವೆ ಸಾಲಿನ ಹಾಗಿತ್ತು. ಅತ್ತೆ ನೋಡಿ “ಚೆನ್ನಾಗಿದೆ ಮಗಳೇ” ಅಂದುಬಿಟ್ಟರು. ಅವತ್ತು ಸೂಜಿ ಊಟ ಮಾಡಲಿಲ್ಲ.

ಇದಕ್ಕಿಂತ ದೊಡ್ಡದು ದಬ್ಬಳದ ವಿಷಯ. ಅತ್ತೆಯ ಅತ್ತೆ ಕಾಲದ ಉದ್ದನೆಯ ಹೊಲಿಗೆ ಸೂಜಿ ಅದು. ಹಿಡಿದು ಹಿಡಿದು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಒಂದಲ್ಲ ಒಂದು ದಿನ ಅತ್ತೆ ಅದನ್ನು ತನ್ನ ಕೈಗಿಟ್ಟು “ತಗೋ, ಇನ್ನು ನೀನು ನೋಡಿಕೋ” ಅನ್ನುತ್ತಾರೆ, ಅವತ್ತಿಗೆ ತಾನು ಈ ಮನೆಯವಳು ಅಂತ ಸೂಜಿ ಕಾದುಕೊಂಡಿದ್ದಳು. ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾಳೆ. ಹುಡುಗಿ ಹೊರಡುವ ಕಾಲಕ್ಕೆ, “ಅಜ್ಜಿ, ಇದನ್ನು ನಮ್ಮ ಕಾಲೇಜಿಗೆ ಒಯ್ಯಲಾ?” ಅಂದಳು. “ಒಯ್ಯಿ” ಅಂದರು ಅತ್ತೆ, ನೀರು ಕೊಟ್ಟಷ್ಟು ಸಲೀಸಾಗಿ.

ಮಾರನೇ ದಿನ ಹುಡುಗಿಯ ಪ್ರಯಾಣ. ಅತ್ತೆ ಸ್ನಾನಕ್ಕೆ ಹೋದಾಗ ಸೂಜಿ ದಬ್ಬಳ ತೆಗೆದು, ಮೂಲೆಯಲ್ಲಿದ್ದ ಹಾಸಿಗೆಯೊಳಗೆ ತುರುಕಿ ಬಾಯಿ ಹೊಲಿದುಬಿಟ್ಟಳು. ಹುಡುಗಿ ಹೋದ ಮೇಲೆ ತೆಗೆದರಾಯ್ತು ಅಂತ ಅವಳ ಲೆಕ್ಕ. ಆದರೆ ಅದು ರಿಪೇರಿಗೆ ಬಂದಿದ್ದ, ಬೆನ್ನುನೋವಿನ ಮೇಷ್ಟ್ರ ಹಾಸಿಗೆ. ಗಂಡ ಅದನ್ನು ಗಾಡಿಗೆ ಹಾಕಿಕೊಂಡು ಹೋಗಿ ಕೊಟ್ಟೂ ಬಂದ.

“ಕೆಟ್ಟೆ ದೊಡ್ಡಮ್ಮ!” ಅಂತ ಓಡಿ ಬಂದಳು. ಎಲ್ಲ ಸೂಜಿಗಳೂ ತಟ್ಟೆಗೆ ಬಂದಿವೆಯಾ ಅಂತ ನೋಡದೆ ಹಾಸಿಗೆಯ ಬಾಯಿ ಮುಚ್ಚುವಂತಿಲ್ಲ ಅನ್ನುವುದು ಆ ಅಂಗಡಿಯ ಮೊದಲ ಪಾಠ. ನಾನೇ ಅವಳ ಕೈ ಹಿಡಿದು ಅತ್ತೆಯ ಮುಂದೆ ನಿಲ್ಲಿಸಿದೆ. ಅವಳು ಎಲ್ಲ ಹೇಳಿದಳು. ಅತ್ತೆ ಕೂಡಲೇ ಚಪ್ಪಲಿ ಮೆಟ್ಟಿಕೊಂಡರು. ಮೂವರೂ ಓಡಿದೆವು.

ಮೇಷ್ಟ್ರು ಊಟ ಮುಗಿಸಿ ಮಂಚದ ಹತ್ತಿರ ನಿಂತಿದ್ದರು.

“ಮೇಷ್ಟ್ರೇ, ಮಲಗಬೇಡಿ!” ಅಂತ ಸೂಜಿ ಬಾಗಿಲಿನಿಂದಲೇ ಕೂಗಿದಳು.

“ಯಾಕಮ್ಮಾ? ನನ್ನ ಮನೇಲಿ ಮಲಗೋಕೂ ನಿನ್ನ ಅಪ್ಪಣೆ ಬೇಕಾ?”

“ದಬ್ಬಳ ಒಳಗೇ ಉಳಿದುಬಿಟ್ಟಿದೆ. ಕಣ್ಣು ಮಂಜಾಗಿದೆ ನೋಡಿ, ನನ್ನ ಕೈತಪ್ಪು” ಅಂದರು ಅತ್ತೆ. ಸೂಜಿ ಬಾಯಿ ತೆರೆಯುವಷ್ಟರಲ್ಲಿ ಅವಳ ಕಾಲು ತುಳಿದರು.

ಅತ್ತೆ ಹಾಸಿಗೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತುತ್ತಾ ಬಂದು, ಅದರ ಬಾಯಿ ಬಿಚ್ಚಿ, ಹತ್ತಿಯೊಳಗಿಂದ ದಬ್ಬಳ ಎಳೆದರು. ದಾರ ಪೋಣಿಸಿ ಸೊಸೆಯ ಕೈಗೇ ಕೊಟ್ಟರು. “ಹೊಲಿ.”

ಅಷ್ಟು ವರ್ಷ ಆಸೆಪಟ್ಟಿದ್ದು ಕೊನೆಗೂ ಕೈಗೆ ಬಂದಿತ್ತು. ನಾಲ್ಕು ಹೊಲಿಗೆ ಹಾಕಿರಬಹುದು.

“ದೂರ ದೂರ ಬಿತ್ತು. ಬಿಚ್ಚು.”

ಸೂಜಿ ಅಲ್ಲೇ ಕೆರಳಿದಳು. “ಅವಳು ಸೊಟ್ಟಗೆ ಹೊಲಿದ್ರೆ ಚೆನ್ನಾಗಿದೆ, ನಾನು ಹೊಲಿದ್ರೆ ಬಿಚ್ಚು! ನಾನೇನು ಪಾಪ ಮಾಡಿದ್ದೀನಿ?”

“ಅವಳು ಹೊಲಿದಿದ್ದನ್ನ ನಾವು ಮಾರಿದ್ವಾ? ನಾಳೆ ನಾನಿಲ್ಲದಾಗ ಅಂಗಡಿ ಹೆಸರು ಉಳಿಸೋಳು ಅವಳಾ, ನೀನಾ?”

“ಹಾಗಾದ್ರೆ ದಬ್ಬಳ ಯಾಕೆ ಅವಳಿಗೆ?”

“ಬಾಯಿ ಬಿಟ್ಟು ಕೇಳಿದಳು, ಕೊಟ್ಟೆ. ಬೀದಿಗೆಲ್ಲ ಕೇಳಿಸೋ ಬಾಯಿ ನಿನ್ನದು. ನನ್ನನ್ನ ಏನಾದ್ರೂ ಒಂದು ಕೇಳಿದ್ದೀಯಾ?”

ಸೂಜಿ ತಲೆ ತಗ್ಗಿಸಿ ಹಾಕಿದ ಹೊಲಿಗೆ ಬಿಚ್ಚತೊಡಗಿದಳು. ನನಗೆ ತಿಳಿದ ಹಾಗೆ ಅವಳು ಗೊಣಗದೆ ಬಿಚ್ಚಿದ್ದು ಅದೇ ಮೊದಲು.

“ಅಮ್ಮಾ ತಾಯಂದಿರಾ, ಜಗಳ ಮುಗಿದ್ರೆ ನಾನು ಸ್ವಲ್ಪ ಮಲಗಲಾ?” ಅಂದರು ಮೇಷ್ಟ್ರು.

ದಾರ ಬಿಚ್ಚುತ್ತಾ ಸೂಜಿ ಸಣ್ಣ ದನಿಯಲ್ಲಿ ಅಂದಳು, “ಈಗ ಕೇಳ್ತೀನಿ. ಕೊಡ್ತೀರಾ?”

“ಮಾತು ಕೊಟ್ಟಾಗಿದೆ. ಅದು ಅವಳದು.”

ಹುಡುಗಿ ದಬ್ಬಳವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು. ಹೋಗುವಾಗ ಸೂಜಿಯನ್ನು ತಬ್ಬಿಕೊಂಡಳು; ಇವಳು ದೀಪದ ಕಂಬದ ಹಾಗೆ ನಿಂತಿದ್ದಳು.

“ಹೊಟ್ಟೆಕಿಚ್ಚು ಆರಿತೇನೇ?” ಅಂತ ಕೆಲವು ದಿನ ಬಿಟ್ಟು ಕೇಳಿದೆ.

“ಎಲ್ಲಿ ಆರುತ್ತೆ ದೊಡ್ಡಮ್ಮ? ವಿಮಾನದ ಹಿಂದೆ ಅದೂ ಹೋಗಿದೆ. ಈಗ ಆ ಕಾಲೇಜಿನಲ್ಲಿ ಅವಳು ನಮ್ಮತ್ತೆ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸ್ತಿರ್ತಾಳೆ.”

ಆದರೆ ಆಮೇಲಿನಿಂದ ಸೂಜಿ ಅತ್ತೆಯನ್ನು ಕೇಳಲು ಶುರುಮಾಡಿದ್ದಾಳೆ. ಈಗ ತಂದಿರೋ ಹೊಸ ದಬ್ಬಳದ ಮೊನೆ ಹೇಗೆ ಪಳಗಿಸೋದು, ನಿಮ್ಮತ್ತೆ ನಿಮ್ಮನ್ನ ಬೈತಿದ್ರಾ, ಎಷ್ಟು ಬೈತಿದ್ರು?

“ಬೆಳಗಿನಿಂದ ತಲೆ ತಿಂತಿದ್ದಾಳೆ ನೋಡಿ ಇವಳು” ಅಂತ ಅತ್ತೆ ನನ್ನ ಹತ್ತಿರ ದೂರಿದರು.

“ಕೇಳು ಅಂದೋರು ನೀವೇ ಅಲ್ವಾ?” ಅಂದಳು ಸೂಜಿ.

“ಕೇಳೋಕೆ ಕೈ ಯಾಕೆ ನಿಲ್ಬೇಕು? ಹಿಡಿ ಆ ತುದಿ.”

ಇಬ್ಬರೂ ದುಪ್ಪಟಿಯ ಎರಡು ತುದಿ ಹಿಡಿದು ಕೊಡವಿ ಅಂಗಳದಲ್ಲಿ ಹಾಸಿದರು. ಸೂಜಿ ಬುಟ್ಟಿ ತಂದು ಹತ್ತಿಯನ್ನು ಬಿಸಿಲಿಗೆ ಸುರಿದು, ಗಾಳಿಗೆ ಹಾರದ ಹಾಗೆ ಅಂಚಿಗೆ ಕಲ್ಲಿಡತೊಡಗಿದಳು.